ಹಳೇ ಫ್ಲೂಟಿಗೆ ಸ್ಕ್ರೂ, ಸ್ಪ್ರಿಂಗ್ ಹುಡುಕುವುದು ಹೇಗೆ? ರಿಪೇರಿ ಮಾಡುವವರಿಗೆ ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನನ್ನ ಹತ್ತಿರ ಒಂದು ಹಳೇ ಲೋಹದ ಫ್ಲೂಟ್ ಇದೆ, ಕೀಗಳಿರುವ ಬೋಮ್ ಮಾದರಿಯದು. ಅದನ್ನು ಮತ್ತೆ ನುಡಿಸುವ ಹಾಗೆ ಮಾಡಬೇಕು ಅಂತ ಆಸೆ. ಕೊನೆಯ ತುಂಡಿನಲ್ಲಿ ಕೀ ಹಿಡಿಯುವ ಒಂದು ಮೊನೆ ಸ್ಕ್ರೂ ಕಳೆದುಹೋಗಿದೆ. ಎರಡು ಸ್ಪ್ರಿಂಗ್ ಮುರಿದಿವೆ, ಕೀ ಕೆಳಗೆ ತೂತು ಮುಚ್ಚುವ ಪ್ಯಾಡುಗಳೆಲ್ಲ ಹರಿದಿವೆ. ಮಾಡಿದ ಕಂಪನಿ ಮುಚ್ಚಿಹೋಗಿದೆ. ಆನ್‌ಲೈನಿನಲ್ಲಿ ‘ಫ್ಲೂಟ್ ಸ್ಕ್ರೂ ಸೆಟ್’ ಅಂತ ಸಿಗುತ್ತದೆ. ಅದನ್ನು ತರಿಸಿಕೊಂಡರೆ ಸಾಕಾ?

ಉತ್ತರ: ನಮಸ್ಕಾರ. ಸೆಟ್ ಈಗಲೇ ತರಿಸಬೇಡಿ. ಎಲ್ಲ ಫ್ಲೂಟಿಗೂ ಆಗುವ ಸ್ಕ್ರೂ ಅಂತ ಒಂದಿಲ್ಲ. 1847ರಲ್ಲಿ ಜರ್ಮನಿಯ ಥಿಯೋಬಾಲ್ಡ್ ಬೋಮ್ ಮಾಡಿದ ವಿನ್ಯಾಸವನ್ನೇ ಎಲ್ಲರೂ ಹಿಡಿದರು, ನಿಜ. ಆದರೆ ಸ್ಕ್ರೂ, ರಾಡ್ (ಕೀ ತಿರುಗುವ ಕಡ್ಡಿ), ಪೋಸ್ಟ್ (ಅದನ್ನು ಹಿಡಿದಿರುವ ಪುಟ್ಟ ಕಂಬ) ಎಲ್ಲ ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಮಾಡಿದರು. ಕೈಯಿಂದ ಕೂರಿಸಿದ ಹಳೇ ಫ್ಲೂಟುಗಳಲ್ಲಂತೂ ಒಂದೇ ಫ್ಲೂಟಿನ ಎರಡು ಸ್ಕ್ರೂ ಅದಲು ಬದಲಾದರೂ ಕೀ ಬಿಗಿಯುತ್ತದೆ. ಬಿಚ್ಚುವಾಗ ಪ್ರತಿ ಸ್ಕ್ರೂವನ್ನೂ ಅದರ ಜಾಗ ಬರೆದು ಬೇರೆ ಬೇರೆ ಇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಮೊದಲು ಅಳತೆ, ಆಮೇಲೆ ಹುಡುಕಾಟ. ಕಳೆದುಹೋದ ಸ್ಕ್ರೂವಿನ ಜೊತೆಯದು ಅದೇ ಫ್ಲೂಟಿನಲ್ಲಿ ಇನ್ನೊಂದು ಕಡೆ ಇದ್ದೇ ಇರುತ್ತದೆ. ಅದನ್ನು ಬಿಚ್ಚಿ ಕ್ಯಾಲಿಪರಿನಲ್ಲಿ ಥ್ರೆಡ್ಡಿನ, ಅಂದರೆ ಸುರುಳಿ ಗೀರಿನ, ಹೊರ ದಪ್ಪ ನೋಡಿ. ಆಮೇಲೆ ಪಿಚ್, ಅಂದರೆ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ಇರುವ ದೂರ. ಥ್ರೆಡ್ ಗೇಜ್ ಇಲ್ಲದಿದ್ದರೆ ಸ್ಕ್ರೂವನ್ನು ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಿರಿ. ದೊಡ್ಡದು ಮಾಡಿ ಸುತ್ತುಗಳನ್ನು ಎಣಿಸಿ.

ಜನ ಎಡವುವುದು ಇಲ್ಲೇ. ಅಮೆರಿಕದ ಹಳೇ ಫ್ಲೂಟುಗಳಲ್ಲಿ ಸಾಮಾನ್ಯವಾಗಿ ಇಂಚಿನ ಲೆಕ್ಕದ ಥ್ರೆಡ್ ಇರುತ್ತದೆ. ಯುರೋಪ್, ಜಪಾನಿನವುಗಳಲ್ಲಿ ಮಿಲಿಮೀಟರ್ ಲೆಕ್ಕ. 0-80 ಅನ್ನುವ ಇಂಚಿನ ಲೆಕ್ಕದ ಅಳತೆಯಲ್ಲಿ ದಪ್ಪ 1.52 ಮಿ.ಮೀ., ಪಿಚ್ ಸುಮಾರು 0.32. ಮಿಲಿಮೀಟರ್ ಲೆಕ್ಕದ ಎಂ1.6 ಅಂದರೆ ದಪ್ಪ 1.6, ಪಿಚ್ 0.35. ಕಣ್ಣಿಗೆ ಎರಡೂ ಒಂದೇ! ಇನ್ನೂ ಮೋಸದ ಜೋಡಿ 1-72 ಮತ್ತು ಎಂ1.8. ಪಿಚ್ ಎರಡರಲ್ಲೂ ಹೆಚ್ಚು ಕಡಿಮೆ 0.35, ದಪ್ಪ ಮಾತ್ರ 1.85 ಮತ್ತು 1.8. ಸುಮ್ನೆ ಅಂದಾಜಿನಲ್ಲಿ ಕೊಂಡರೆ ಒಂದೋ ಬಿಗಿ, ಇಲ್ಲವೇ ಸಡಿಲ.

ಮೊನೆಯ ಆಕಾರವನ್ನೂ ನೋಡಬೇಕು. ಕೆಲವು ಶಂಕುವಿನ ಹಾಗೆ ಚೂಪಾಗಿರುತ್ತವೆ, ಕೆಲವಕ್ಕೆ ತುದಿಯಲ್ಲಿ ಸಣ್ಣ ನೇರ ಕಡ್ಡಿ ಇರುತ್ತದೆ. ಥ್ರೆಡ್ ಸರಿಯಿದ್ದು ಮೊನೆ ಬೇರೆಯಾದರೆ ಕೀ ಅಲುಗಾಡುತ್ತದೆ. ಕೀ ಅಲುಗಾಡಿದರೆ ಎಷ್ಟು ಒಳ್ಳೇ ಪ್ಯಾಡ್ ಹಾಕಿದರೂ ಗಾಳಿ ಸೋರುತ್ತದೆ.

ಪ್ರಶ್ನೆ: ಪಕ್ಕದ ಸ್ಕ್ರೂ ಅಳೆದೆ ಸರ್. ದಪ್ಪ 1.51, ಪಿಚ್ 0.32ರ ಹತ್ತಿರ. ನನ್ನ ಹತ್ತಿರ ಒಂದು ಎಂ1.6 ಸ್ಕ್ರೂ ಇದೆ, ಎರಡು ಸುತ್ತು ಹೋಗಿ ನಿಂತಿತು. ಸ್ವಲ್ಪ ಜೋರಾಗಿ ತಿರುಗಿಸಲಾ?

ಉತ್ತರ: ದಯವಿಟ್ಟು ಬೇಡ, ಈಗಲೇ ಹಿಂದಕ್ಕೆ ತಿರುಗಿಸಿ ತೆಗೆಯಿರಿ. ನಿಮ್ಮದು 0-80. ಆ ಸ್ಕ್ರೂ ಸ್ಟೀಲಿನದು, ಪೋಸ್ಟ್ ಬೆಳ್ಳಿಯದೋ ಜರ್ಮನ್ ಸಿಲ್ವರಿನದೋ ಆಗಿರುತ್ತದೆ. ಮೆದುವಾಗಿರುವುದು ಪೋಸ್ಟ್, ಸವೆಯುವುದೂ ಅದೇ. ಸ್ಕ್ರೂ ಹಾಳಾದರೆ ಇನ್ನೊಂದು ತರಬಹುದು. ಪೋಸ್ಟಿನ ತೂತು ಹಾಳಾದರೆ ಅದನ್ನು ತುಂಬಿ ಮತ್ತೆ ಕೊರೆಯಬೇಕು, ಪಕ್ಕದ ಬೆಸುಗೆ ಬಿಡುವ ಅಪಾಯ ಬೇರೆ.

ವಾದ್ಯ ರಿಪೇರಿ ಸಾಮಾನು ಮಾರುವವರ ಹತ್ತಿರ ಅಳತೆ ಹೇಳಿ ಕೇಳಿ. ಸಿಗದಿದ್ದರೆ ಸಣ್ಣ ಲೇತ್ ಇರುವವರಿಗೆ ಪಕ್ಕದ ಸ್ಕ್ರೂವನ್ನೇ ಮಾದರಿಯಾಗಿ ಕೊಟ್ಟು ಮಾಡಿಸಿ. ಪುಟ್ಟ ರೈಲು, ಎಂಜಿನ್ ಮಾದರಿ ಮಾಡುವ ಹವ್ಯಾಸಿಗಳ ಹತ್ತಿರ 0-80 ಡೈ (ಥ್ರೆಡ್ ಕೊರೆಯುವ ಸಾಧನ) ಇರುವ ಸಾಧ್ಯತೆ ಜಾಸ್ತಿ, ಆ ಕೆಲಸದಲ್ಲಿ ಇದು ಬಳಕೆಯಲ್ಲಿರುವ ಅಳತೆ. ನನ್ನನ್ನು ಕೇಳಿದರೆ ಮಾಡಿಸುವುದೇ ಮೇಲು. ಮೊನೆಯೂ ನಿಮ್ಮ ಕೀಗೆ ಸರಿಯಾಗಿ ಬರುತ್ತದೆ.

ಪ್ರಶ್ನೆ: ಅದೇ ಕಂಪನಿಯ ಮುರಿದ ಫ್ಲೂಟ್ ಕೊಂಡು ಭಾಗ ತೆಗೆಯಬಹುದಾ?

ಉತ್ತರ: ಸ್ಕ್ರೂ, ರಾಡಿಗೆ ಆಗಬಹುದು. ಸೀರಿಯಲ್ ನಂಬರ್ ಹತ್ತಿರದ್ದಿದ್ದರೆ ಒಳ್ಳೆಯದು. ಆದರೆ ಕೀಗಳು ಹಾಗೆಯೇ ಕೂರುತ್ತವೆ ಅಂತ ನಂಬಬೇಡಿ. ಇನ್ನೊಂದು ಮಾತು. ಆ ಫ್ಲೂಟ್ ನಿಜಕ್ಕೂ ಮುರಿದದ್ದೇ ಅಂತ ಖಚಿತ ಮಾಡಿಕೊಳ್ಳಿ. ಪ್ಯಾಡ್ ಹೋಗಿದೆ ಅನ್ನುವ ಒಂದೇ ಕಾರಣಕ್ಕೆ ರಿಪೇರಿಯಾಗುವ ವಾದ್ಯವನ್ನು ಬಿಡಿಭಾಗಕ್ಕಾಗಿ ಕಳಚುವುದು ನೋಡಿದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ಸ್ಪ್ರಿಂಗ್ ಬಗ್ಗೆ ಹೇಳಲಿಲ್ಲ ಸರ್. ಸ್ವಲ್ಪ ದಪ್ಪದ್ದು ಹಾಕಿದರೆ ಜಾಸ್ತಿ ದಿನ ಬರುತ್ತದೆ ಅಲ್ವಾ?

ಉತ್ತರ: ಇಲ್ಲ, ಬೆರಳಿಗೆ ಕಷ್ಟವಾಗುತ್ತದೆ ಅಷ್ಟೇ. ಸೂಜಿಯಂತಿರುವ ಈ ಸ್ಪ್ರಿಂಗಿನ ಬಿಗಿ ಅದರ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. ದಪ್ಪ ನೂರಕ್ಕೆ ಹತ್ತು ಜಾಸ್ತಿಯಾದರೆ ಬಿಗಿ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಮುರಿದ ತುಂಡನ್ನೇ ಅಳೆದು ಅದೇ ದಪ್ಪದ್ದು ತನ್ನಿ. ಲೋಹವೂ ಅದೇ ಇರಲಿ. ನೀಲಿ ಬಣ್ಣದ್ದಾದರೆ ಸ್ಟೀಲ್, ಕೆಂಪು ಛಾಯೆಯದ್ದಾದರೆ ಫಾಸ್ಫರ್ ಬ್ರಾಂಜ್. ಪಕ್ಕಪಕ್ಕದ ಬೆರಳುಗಳಿಗೆ ಬೇರೆ ಬೇರೆ ಬಿಗಿ ಸಿಕ್ಕರೆ ವೇಗದ ಸ್ವರಗಳಲ್ಲಿ ತಕ್ಷಣ ಗೊತ್ತಾಗುತ್ತದೆ.

ಪೋಸ್ಟಿನಲ್ಲಿ ಉಳಿದ ಚೂರನ್ನು ತೆಗೆಯುವಾಗ ದಿಕ್ಕು ನೋಡಿ. ಸ್ಪ್ರಿಂಗಿನ ಒಂದು ತುದಿಯನ್ನು ಚಪ್ಪಟೆ ಮಾಡಿ ತೂತಿನಲ್ಲಿ ಬಿಗಿದಿರುತ್ತಾರೆ. ಮುರಿದ ಕಡೆಯಿಂದ ಆ ಚಪ್ಪಟೆ ತುದಿಯ ಕಡೆಗೆ ತಳ್ಳಬೇಕು. ಪೋಸ್ಟಿಗೆ ಹಿಂದೆ ಆಧಾರ ಕೊಡದೆ ಬಡಿಯಬೇಡಿ, ಬಾಗುತ್ತದೆ.

ಪ್ಯಾಡ್ ಕೊನೆಗೆ. ಕೀಗಳ ಅಲುಗಾಟ ಪೂರ್ತಿ ನಿಂತ ಮೇಲೆ ಪ್ಯಾಡ್ ಕೂರುವ ಬಟ್ಟಲಿನ ಒಳ ಅಗಲ ಮತ್ತು ಪ್ಯಾಡಿನ ದಪ್ಪ ಅಳೆದು ತರಿಸಿ.

ಇನ್ನೊಬ್ಬ ಸದಸ್ಯರು: ನನ್ನದು ಮರದ ಹಳೇ ಫ್ಲೂಟ್ ಸರ್. ಸ್ಕ್ರೂ ಇಲ್ಲ, ಕೀ ಒಂದು ಸಣ್ಣ ಪಿನ್ನಿನ ಮೇಲೆ ನಿಂತಿದೆ. ಆ ಪಿನ್ ತುಕ್ಕು ಹಿಡಿದಿದೆ.

ಉತ್ತರ: ನಿಮ್ಮದು ಸುಲಭ, ಆದರೆ ಮರ ಸೀಳದ ಹಾಗೆ ನೋಡಿಕೊಳ್ಳಬೇಕು. ತುಕ್ಕು ಬಿಡಿಸುವ ಎಣ್ಣೆ ಮರಕ್ಕೆ ತಾಗದಂತೆ ಪಿನ್ನಿನ ತುದಿಗೆ ಮಾತ್ರ ಒಂದು ಹನಿ ಹಾಕಿ, ಒಂದು ರಾತ್ರಿ ಬಿಡಿ. ಎರಡೂ ತುದಿ ನೋಡಿ, ಕೆಲವು ಪಿನ್ ಒಂದು ಕಡೆ ಸಣ್ಣಗಿರುತ್ತವೆ. ಸಣ್ಣ ತುದಿಯಿಂದ ತಳ್ಳಿ. ಅದೇ ದಪ್ಪದ ಹಿತ್ತಾಳೆ ತಂತಿ ಕತ್ತರಿಸಿ ಹೊಸ ಪಿನ್ ಮಾಡಿಕೊಳ್ಳಿ. ಹಳೇ ಪಿನ್ ಬಿಸಾಡಬೇಡಿ, ಫೋಟೋ ತೆಗೆದು ಇಲ್ಲಿ ಹಾಕಿ. ದಪ್ಪ ಎಷ್ಟು ಬೇಕು ಅಂತ ನೋಡಿ ಹೇಳುತ್ತೇನೆ.