ವೈರಸ್ ಎಚ್ಚರಿಕೆಯ ಇಮೇಲ್‌ಗಳನ್ನು ಇತರರಿಗೆ ಕಳುಹಿಸಬೇಕೇ?

ಪ್ರಶ್ನೆ: ಒಂದು ನಿರ್ದಿಷ್ಟ ಶೀರ್ಷಿಕೆಯ ಇಮೇಲನ್ನು ತೆರೆದರೆ ಹಾರ್ಡ್ ಡಿಸ್ಕ್ ಪೂರ್ತಿ ಅಳಿಸಿಹೋಗುತ್ತದೆ, ಇದನ್ನು ಪರಿಚಿತರೆಲ್ಲರಿಗೂ ಕೂಡಲೇ ತಿಳಿಸಿ ಎಂಬ ಸಂದೇಶ ಬಂದಿದೆ. ಸುಳ್ಳೇ ಆಗಿದ್ದರೂ ಕಳುಹಿಸುವುದರಿಂದ ನಷ್ಟವೇನು?

ಉತ್ತರ 1: ನಷ್ಟವಿದೆ. 1994ರಲ್ಲಿ ‘ಗುಡ್ ಟೈಮ್ಸ್’ ಎಂಬ ಇಲ್ಲದ ವೈರಸ್ಸಿನ ಬಗ್ಗೆ ಬಂದ ಎಚ್ಚರಿಕೆಯೂ ಇದೇ ಧಾಟಿಯಲ್ಲಿತ್ತು. ನಿಜಕ್ಕೂ ಹಬ್ಬಿದ್ದು ಆ ಎಚ್ಚರಿಕೆಯೇ. 2002ರ ಇನ್ನೊಂದು ಸುಳ್ಳು ಸಂದೇಶವಂತೂ ವಿಂಡೋಸ್‌ನ ‘ಜೆಡಿಬಿಜಿಎಂಜಿಆರ್’ ಎಂಬ ನಿರಪಾಯಕಾರಿ ಕಡತವನ್ನು, ಅದು ವೈರಸ್ ಎನ್ನಲು ಅದರ ಕರಡಿಮರಿಯ ಚಿಹ್ನೆಯನ್ನೇ ಸಾಕ್ಷಿಯಾಗಿ ತೋರಿಸಿ, ಬಳಕೆದಾರರ ಕೈಯಿಂದಲೇ ಅಳಿಸಿಹಾಕಿಸಿತು.

ಉತ್ತರ 2: ಆದರೆ ಎಲ್ಲ ಎಚ್ಚರಿಕೆಗಳೂ ಸುಳ್ಳಲ್ಲ. 2000ನೇ ಇಸವಿಯ ‘ಐ ಲವ್ ಯು’ ವೈರಸ್ ಇಮೇಲ್ ಲಗತ್ತಿನ ಮೂಲಕ ನಿಜವಾಗಿಯೇ ಹರಡಿತ್ತು.

ಉತ್ತರ 3: ಆದ್ದರಿಂದಲೇ ಮೊದಲು ಆಂಟಿವೈರಸ್ ಕಂಪನಿಗಳ ತಾಣದಲ್ಲಿ ಪರಿಶೀಲಿಸಬೇಕು, ಕಚೇರಿಯಲ್ಲಾದರೆ ಕಂಪ್ಯೂಟರ್ ವಿಭಾಗಕ್ಕೆ ಮಾತ್ರ ತಿಳಿಸಿದರೆ ಸಾಕು. ‘ಎಲ್ಲರಿಗೂ ಕಳುಹಿಸಿ’ ಎಂದು ಒತ್ತಾಯಿಸುವ ಪತ್ರವನ್ನು, ಕಳುಹಿಸಿದವರು ಎಷ್ಟೇ ಆಪ್ತರಾಗಿರಲಿ, ನಾನು ಮುಂದಕ್ಕೆ ದಾಟಿಸುವುದಿಲ್ಲ.