ಟೂ ಟೂ ತೋಟಾ ತಿದ್ದಬಹುದಾ? ಆರ್ಮರರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮೈಸೂರು-ಮಂಡ್ಯ ಕೋವಿ ಲೈಸೆನ್ಸ್‌ದಾರರ ಬಳಗದ ಎಲ್ಲರಿಗೂ ನಮಸ್ಕಾರ. ಪಾಯಿಂಟ್ ಟೂ ಟೂ (0.22 ಇಂಚು ದಪ್ಪದ ಗುಂಡಿನ) ತೋಟಾದ ಮೂತಿ, ಅಂದರೆ ಸೀಸದ ಗುಂಡಿನ ತುದಿ, ಉಜ್ಜಿ ಮೊಲಕ್ಕೆ ಹೊಡೆಯುವ ವಿಡಿಯೋ ಗುಂಪಿನಲ್ಲಿ ಸುತ್ತುತ್ತಲೇ ಇದೆ. ಅದಕ್ಕೇ ಇವತ್ತು ಆರ್ಮರರ್ ಸರ್ ಅವರನ್ನು ಕೇಳಿಕೊಂಡಿದ್ದೇವೆ. ಪೊಲೀಸ್ ಇಲಾಖೆಯಲ್ಲಿ ಕೋವಿ ರಿಪೇರಿ ಮಾಡಿ ನಿವೃತ್ತರಾದವರು. ಈಗ ಮೈಸೂರಿನಲ್ಲಿ ಶೂಟಿಂಗ್ ಕಲಿಯುವ ಮಕ್ಕಳ ರೈಫಲ್ ನೋಡಿಕೊಳ್ಳುತ್ತಾರೆ. ಒಬ್ಬೊಬ್ಬರಾಗಿ ಕೇಳಿ.

ಚೇತನ್, ಹುಣಸೂರು: ಸರ್, ಗುಂಡಿನ ತುದಿ ಚಪ್ಪಟೆ ಮಾಡಿದರೆ ಸಣ್ಣ ಪ್ರಾಣಿ ಒಂದೇ ಈಡಿಗೆ ಬೀಳುತ್ತೆ ಅಂತ ವಿಡಿಯೋದಲ್ಲಿ ಹೇಳ್ತಾರೆ. ನಿಜಾನಾ? ನಾವೂ ಮಾಡಬಹುದಾ?

ಆರ್ಮರರ್: ಆ ವಿಡಿಯೋ ಅಮೆರಿಕದ್ದು. ಅಲ್ಲಿ ಅಳಿಲು, ಮೊಲಕ್ಕೆ ಬೇಟೆಯ ಕಾಲ ಅಂತ ಇದೆ, ಅದಕ್ಕೆ ಪರವಾನಗಿಯೂ ಸಿಗುತ್ತದೆ. ಸೀಸದ ತುದಿ ಅಗಲವಾದರೆ ಪ್ರಾಣಿಯ ಮೈಯಲ್ಲಿ ಬೇಗ ಹರಡಿಕೊಳ್ಳುತ್ತದೆ ಅನ್ನುವುದು ನಿಜ. ಅದಕ್ಕಾಗಿಯೇ ತುದಿಯಲ್ಲಿ ಕುಳಿ ಇರುವ ಗುಂಡನ್ನು ಕಾರ್ಖಾನೆಯಲ್ಲೇ ಮಾಡುತ್ತಾರೆ. ಆ ಕುಳಿ ಪ್ರತಿ ಗುಂಡಿನಲ್ಲೂ ಸರಿಯಾಗಿ ನಡುಮಧ್ಯದಲ್ಲಿ ಇರುತ್ತದೆ. ಕೈಯಲ್ಲಿ ಉಜ್ಜಿದ್ದು ಹಾಗೆ ಇರಲ್ಲ. ಟೂ ಟೂ ರೈಫಲ್ ನಳಿಗೆಯ ಒಳಗಿನ ಸುರುಳಿ ಸಾಮಾನ್ಯವಾಗಿ 16 ಇಂಚಿಗೆ ಒಂದು ಸುತ್ತು. ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ ಹೊರಟರೆ ಸೆಕೆಂಡಿಗೆ ಸುಮಾರು 800 ಸುತ್ತು ತಿರುಗುತ್ತಿರುತ್ತದೆ. ಒಂದು ಪಕ್ಕ ಕೂದಲೆಳೆಯಷ್ಟು ಜಾಸ್ತಿ ಉಜ್ಜಿದರೂ ಮೊಳೆ ಓರೆಯಾದ ಬುಗುರಿಯ ಹಾಗೆ ತೂರಾಡುತ್ತದೆ. ಎದೆಗೆ ಗುರಿ ಇಟ್ಟದ್ದು ಕಾಲಿಗೆ ಬೀಳುತ್ತದೆ. ಪ್ರಾಣಿ ಸಾಯಲ್ಲ, ಪೊದೆಗೆ ಹೋಗಿ ನರಳುತ್ತದೆ.

ಇನ್ನು ನಮ್ಮಲ್ಲಿ ಮಾಡಬಹುದಾ ಅಂದರೆ, ಇಲ್ಲ. ಮೊಲ, ಗೌಜುಗ, ನವಿಲು ಯಾವುದನ್ನೂ ಹೊಡೆಯುವ ಹಾಗಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ತೋಟಾವನ್ನು ಮಾರ್ಪಾಡು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಇನ್ನೊಂದು ಅಪರಾಧ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಅದಕ್ಕೆ ಆಗಲ್ಲ.

ಪುಟ್ಟೇಗೌಡ, ನಾಗಮಂಗಲ: ಅಪ್ಪನ ಕಾಲದ ತೋಟಾ ಡಬ್ಬಿ ಇದೆ ಸರ್. ಹಿತ್ತಾಳೆ ಹಸಿರು ಹಿಡಿದಿದೆ. ಬಿಸಿಲಿಗೆ ಇಟ್ಟು ಒಣಗಿಸಿದರೆ ಆಗುತ್ತಾ?

ಆರ್ಮರರ್: ಆಗಲ್ಲ. ಬಿಸಿಲಿಗೂ ಬೇಡ, ಒಲೆಯ ಹತ್ತಿರವೂ ಬೇಡ. ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ತೋರಿಸಿ. ಅಪ್ಪನ ಲೈಸೆನ್ಸ್ ನಿಮ್ಮ ಹೆಸರಿಗೆ ಆಗಿದೆಯಾ? ಆಗಿಲ್ಲದಿದ್ದರೆ ಮೊದಲು ಅದನ್ನು ನೋಡಿ.

ಮಾದೇಶ, ಮಳವಳ್ಳಿ: (ಫಾರ್ವರ್ಡ್ ಆದ ಸಂದೇಶ) "ಹಳೇ ಶಿಕಾರಿಗಳ ಗುಟ್ಟು. ತೋಟಾವನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟು ಹೊಡೆದರೆ ಪವರ್ ಡಬಲ್." ಇದು ಹೇಗೆ ಸರ್?

ಆರ್ಮರರ್: ಸುಳ್ಳು. ಎಣ್ಣೆ ಒಳಗೆ ಇಳಿದರೆ ಮದ್ದು ಸಾಯುತ್ತದೆ. ಪವರ್ ಕಡಿಮೆಯಾಗುತ್ತದೆ, ಡಬಲ್ ಆಗಲ್ಲ. ದಯವಿಟ್ಟು ಇದನ್ನು ಮುಂದಕ್ಕೆ ಕಳಿಸಬೇಡಿ.

ರೂಪಾ, ಕುವೆಂಪುನಗರ: ನಮಸ್ತೆ ಸರ್. ಮಗಳು 50 ಮೀಟರ್ ಪ್ರೋನ್ (ಮಲಗಿ ಹೊಡೆಯುವ ಸ್ಪರ್ಧೆ) ಹೊಡೆಯುತ್ತಾಳೆ. ಹೊಸ ಬಾಕ್ಸ್ ತೆಗೆದ ಮೇಲೆ ಗ್ರೂಪ್, ಅಂದರೆ ಕಾಗದದ ಮೇಲಿನ ತೂತುಗಳ ಗುಂಪು, ಅಗಲವಾಗಿದೆ. ತೋಟಾದ ಮೇಲಿನ ಜಿಡ್ಡು ಒರೆಸಿ, ಒಂದೊಂದನ್ನೂ ತೂಕ ಮಾಡಿ ಬೇರೆ ಮಾಡಿ ಅಂತ ಜೊತೆಯವರು ಹೇಳುತ್ತಿದ್ದಾರೆ. ಇದೂ ತಿದ್ದಿದ ಹಾಗೇ ಆಗುತ್ತಾ?

ಆರ್ಮರರ್: ರೂಪಾ ಅವರೇ, ಒಳ್ಳೆಯ ಪ್ರಶ್ನೆ. ಜಿಡ್ಡನ್ನು ಒರೆಸಲೇಬೇಡಿ. ಅದು ಕೊಳೆ ಅಲ್ಲ, ಮೇಣ. ಟೂ ಟೂ ತೋಟಾದಲ್ಲಿ ಗುಂಡಿನ ದಪ್ಪ ಮತ್ತು ಮದ್ದು ತುಂಬಿದ ಹಿತ್ತಾಳೆ ಕೇಸಿನ ದಪ್ಪ ಹೆಚ್ಚುಕಡಿಮೆ ಒಂದೇ. ಹಾಗಾಗಿ ಮೇಣವನ್ನು ಗುಂಡಿನ ಹೊರಮೈಗೇ ಸವರಿರುತ್ತಾರೆ. ಅದನ್ನು ತೆಗೆದರೆ ನಳಿಗೆಯಲ್ಲಿ ಸೀಸ ಕಚ್ಚುತ್ತದೆ, ಗ್ರೂಪ್ ಇನ್ನೂ ಕೆಡುತ್ತದೆ.

ತೂಕ ಮಾಡುವುದರಿಂದ ಅಪಾಯವಿಲ್ಲ, ಅಷ್ಟು ಲಾಭವೂ ಇಲ್ಲ. ಇಡೀ ತೋಟಾ ತೂಗಿದಾಗ ವ್ಯತ್ಯಾಸ ಕೇಸಿನದೋ, ಗುಂಡಿನದೋ, ಮದ್ದಿನದೋ ಗೊತ್ತಾಗಲ್ಲ. ನೋಡಬೇಕಾದದ್ದು ಬಾಕ್ಸ್ ಮೇಲಿರುವ ಲಾಟ್ ನಂಬರ್, ಅಂದರೆ ಒಟ್ಟಿಗೆ ತಯಾರಾದ ಕಂತಿನ ನಂಬರ್. ಒಂದೇ ಕಂಪನಿಯ, ಒಂದೇ ಹೆಸರಿನ ತೋಟಾ ಆದರೂ ಒಂದೊಂದು ಲಾಟ್ ಒಂದೊಂದು ನಳಿಗೆಗೆ ಹೊಂದುತ್ತದೆ. ರೈಫಲನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಬೇರೆ ಬೇರೆ ಲಾಟ್ ಹೊಡೆದು, ಗ್ರೂಪ್ ಪಕ್ಕಪಕ್ಕ ಇಟ್ಟು ನೋಡಿ. ಹೊಂದಿದ ಲಾಟನ್ನೇ ನಿಮ್ಮ ಕೋಟಾದಲ್ಲಿ ಸಿಗುವಷ್ಟು ತೆಗೆದಿಡಿ. ಕಂಪನಿ ಬದಲಾಯಿಸಿದಾಗ ಶುರುವಿನ ಕೆಲವು ಹೊಡೆತ ನೋಡಿ ತೀರ್ಮಾನ ಮಾಡಬೇಡಿ. ಹಳೇ ಮೇಣ ಹೋಗಿ ಹೊಸ ಮೇಣ ಕೂರಬೇಕು. ಮಧ್ಯಾಹ್ನದ ಬಿಸಿಲಲ್ಲಿ ಕಾರಿನೊಳಗೆ ತೋಟಾ ಬಿಡಬೇಡಿ. 50 ಮೀಟರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತ ಬರೀ 10.4 ಮಿಲಿಮೀಟರ್. ಅಲ್ಲಿ ಇಂಥ ಸಣ್ಣ ವಿಷಯಗಳೇ ಕೆಲಸ ಮಾಡುತ್ತವೆ. ಮಗಳು ಹೊಡೆದ ಕಾಗದದ ಫೋಟೋ ಹಾಕಿ, ನೋಡೋಣ.

ರೂಪಾ, ಕುವೆಂಪುನಗರ: ತುಂಬಾ ಥ್ಯಾಂಕ್ಸ್ ಸರ್. ಸಂಜೆ ಹಾಕುತ್ತೇನೆ.

ಲೋಕೇಶ್, ಟಿ. ನರಸೀಪುರ: ಸರ್, ಟೂ ಟೂ ಸೆಕೆಂಡ್ ಹ್ಯಾಂಡ್ ಈಗ ಎಷ್ಟಕ್ಕೆ ಸಿಗುತ್ತೆ?

ಪುಟ್ಟೇಗೌಡ, ನಾಗಮಂಗಲ: ಸರ್, ತಿದ್ದಿದ ತೋಟಾ ಕಾಡುಹಂದಿಗೆ ಸಾಕಾಗುತ್ತಾ? ಒಂದೇ ರಾತ್ರಿಯಲ್ಲಿ ಅರ್ಧ ಎಕರೆ ನೆಲಗಡಲೆ ಬಗೆದು ಹಾಕಿವೆ. ನಮ್ಮ ಕಷ್ಟ ಯಾರೂ ಕೇಳಲ್ಲ.

ಆರ್ಮರರ್: ಸಾಕಾಗಲ್ಲ ಗೌಡ್ರೇ. ಮಾಮೂಲಿ ಟೂ ಟೂ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ. ಅದರ ಶಕ್ತಿ 140 ಜೌಲ್ ಆಸುಪಾಸು. ಉಜ್ಜಿದರೆ ತೂಕ ಇನ್ನೂ ಇಳಿಯುತ್ತದೆ. ಹಂದಿ ಗಾಯಗೊಂಡು ಕಬ್ಬಿನ ಗದ್ದೆಗೆ ನುಗ್ಗುತ್ತದೆ. ಬೆಳಗ್ಗೆ ಕಬ್ಬು ಕಡಿಯಲು ಬಂದವರ ಮೇಲೆ ತಿರುಗಿ ಬೀಳುತ್ತದೆ. ಹಾನಿಯಾದ ಗದ್ದೆಯ ಫೋಟೋ, ಪಹಣಿ ಇಟ್ಟುಕೊಂಡು ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಪರಿಹಾರಕ್ಕೆ ಅರ್ಜಿ ಕೊಡಿ.

ಪುಟ್ಟೇಗೌಡ, ನಾಗಮಂಗಲ: ಅರ್ಜಿ ಕೊಟ್ಟು ಅಲೆದು ಸಾಕಾಗಿದೆ. ಬರುವ ದುಡ್ಡು ಬೀಜದ ಖರ್ಚಿಗೂ ಸಾಲಲ್ಲ.

ಹರೀಶ್, ಮದ್ದೂರು: ಗೌಡ್ರೇ, ಕಷ್ಟ ಇದೆ ಅಂತ ಕಂಡಕಂಡ ಪ್ರಾಣಿ ಹೊಡೆಯೋಕಾಗುತ್ತಾ? ನಮ್ಮ ಕೊಕ್ಕರೆ ಬೆಳ್ಳೂರಲ್ಲಿ ಜನ ಮನೆ ಪಕ್ಕದ ಮರದಲ್ಲೇ ಹೆಜ್ಜಾರ್ಲೆಗಳನ್ನು ಸಾಕಿಕೊಂಡ ಹಾಗೆ ನೋಡಿಕೊಳ್ತಾರೆ.

ಪುಟ್ಟೇಗೌಡ, ನಾಗಮಂಗಲ: ಹೆಜ್ಜಾರ್ಲೆ ಮೀನು ತಿನ್ನುತ್ತೆ, ನೆಲಗಡಲೆ ಬಗೆಯಲ್ಲ. ನೀವು ಒಂದು ರಾತ್ರಿ ನಮ್ಮ ಹೊಲದಲ್ಲಿ ಕಾವಲು ಕೂತು ಆಮೇಲೆ ಮಾತಾಡಿ.

ಹರೀಶ್, ಮದ್ದೂರು: ನಾನೂ ರೈತನ ಮಗನೇ. ಹಂದಿ ಹೆಸರಲ್ಲಿ ಮೊಲ, ನವಿಲು ಹೊಡೆಯೋರು ಯಾರು ಅಂತ ಊರಿಗೇ ಗೊತ್ತು.

ಮಾದೇಶ, ಮಳವಳ್ಳಿ: ಕೊಡಗಿನವರಿಗೆ ಲೈಸೆನ್ಸೇ ಬೇಡ, ಅವರು ಹೊಡೀಬಹುದು. ನಮಗೆ ಮಾತ್ರ ಕಾನೂನಾ?

ಆರ್ಮರರ್: ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಅದೂ ಷರತ್ತಿನ ಮೇಲೆ. ಬೇಟೆಗೆ ಅಲ್ಲ. ವನ್ಯಜೀವಿ ಕಾಯ್ದೆ ಕೊಡಗಿಗೂ ಒಂದೇ, ಮಳವಳ್ಳಿಗೂ ಒಂದೇ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಹೊಡೆಯಲೂ 11ನೇ ಸೆಕ್ಷನ್ ಪ್ರಕಾರ ಅರಣ್ಯ ಇಲಾಖೆಯ ಲಿಖಿತ ಆದೇಶ ಬೇಕು.

ಶಿವು, ಕಿಕ್ಕೇರಿ: ಸರ್, ಸ್ವಲ್ಪ ಅರ್ಜೆಂಟ್. ನನ್ನ ಭಾಮೈದ ಆ ವಿಡಿಯೋ ನೋಡಿ ತೋಟಾ ಉಜ್ಜಿದ್ದಾನೆ. ಮೇಲೆ ಬಂದ ಸಂದೇಶದ ಹಾಗೆ ಸೀಮೆಎಣ್ಣೆಯಲ್ಲೂ ನೆನೆಸಿದ್ದ. ನಿನ್ನೆ ಸಂಜೆ ತೋಟದಲ್ಲಿ ಹೊಡೆದಾಗ ಸದ್ದು ಟಪ್ ಅಂತ ಸಣ್ಣಗೆ ಬಂತು. ಟಾರ್ಗೆಟ್ ಹಲಗೆಯಲ್ಲಿ ತೂತು ಇಲ್ಲ. ಇನ್ನೊಂದು ಹೊಡೀತೀನಿ ಅಂದ. ನನಗೇನೋ ಸರಿ ಕಾಣಲಿಲ್ಲ, ಕಿತ್ತುಕೊಂಡೆ. ಈಗ ರೈಫಲ್ ಅಟ್ಟದ ಮೇಲಿದೆ. ಮನೆಯಲ್ಲಿ ಮಕ್ಕಳಿದ್ದಾರೆ.

ಆರ್ಮರರ್: ಶಿವು ಅವರೇ, ಕಿತ್ತುಕೊಂಡು ಒಂದು ಜೀವ ಉಳಿಸಿದ್ದೀರಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ.

ಯಾಕೆ ಅಂತ ಹೇಳುತ್ತೇನೆ. ಬೇರೆ ತೋಟಾದಲ್ಲಿ ಹಿಂದೆ ನಡುವೆ ಕೇಪು, ಅಂದರೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು, ಇರುತ್ತದೆ. ಟೂ ಟೂನಲ್ಲಿ ಕೇಪಿನ ಮದ್ದು ಹಿಂಬದಿಯ ಅಂಚಿನ ಒಳಗೆ ಸುತ್ತಲೂ ಇರುತ್ತದೆ. ಪಿನ್ನು ಆ ಅಂಚನ್ನು ಜಜ್ಜಿದರೆ ಕಿಡಿ ಏಳುತ್ತದೆ. ಜಜ್ಜಿಹೋಗಲಿ ಅಂತಲೇ ಹಿತ್ತಾಳೆಯನ್ನು ತೆಳ್ಳಗೆ ಮಾಡಿರುತ್ತಾರೆ. ಗುಂಡನ್ನೂ ಕೇಸಿನ ಬಾಯಿ ಹಗುರವಾಗಿ ಹಿಡಿದಿರುತ್ತದೆ. ಮೂತಿ ಉಜ್ಜುವಾಗ ಆ ಹಿಡಿತ ಸಡಿಲವಾಗುತ್ತದೆ. ಆ ಸಂದಿಯಲ್ಲಿ ಸೀಮೆಎಣ್ಣೆ ಇಳಿಯುತ್ತದೆ. ಮದ್ದು ನೆನೆದಿರುತ್ತದೆ, ಕಿಡಿ ಮಾತ್ರ ಹೊತ್ತುತ್ತದೆ. ಕಿಡಿಯ ಶಕ್ತಿಗೆ ಗುಂಡು ನಳಿಗೆಯೊಳಗೆ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ. ನೀವು ಕೇಳಿದ ಟಪ್ ಸದ್ದು ಅದೇ.

ಅದರ ಹಿಂದೆ ಇನ್ನೊಂದು ಗುಂಡು ಹೊಡೆದಿದ್ದರೆ? ಈ ತೋಟಾಕ್ಕೆ ಒತ್ತಡದ ಮಿತಿ ಚದರ ಇಂಚಿಗೆ 24,000 ಪೌಂಡ್. ಮುಂದೆ ದಾರಿ ಕಟ್ಟಿದ್ದರೆ ನಳಿಗೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ತೆಳ್ಳನೆಯ ಅಂಚು ಒಡೆದರೆ ಬಿಸಿ ಗಾಳಿ, ಹಿತ್ತಾಳೆ ಚೂರು ಹಿಂದಕ್ಕೆ ಹಾರುತ್ತವೆ. ಆ ಹೊತ್ತಿಗೆ ಹೊಡೆಯುವವನ ಕಣ್ಣು ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನಿಂದ ಒಂದು ಗೇಣು ದೂರದಲ್ಲಿ ಇರುತ್ತದೆ.

ಈಗ ಹೀಗೆ ಮಾಡಿ. ಮಕ್ಕಳನ್ನು ಮನೆಯಿಂದ ಆಚೆ ಕಳಿಸಿ. ಲೈಸೆನ್ಸ್ ಯಾರ ಹೆಸರಲ್ಲಿದೆಯೋ ಅವರೇ ರೈಫಲ್ ಮುಟ್ಟಲಿ. ಮೂತಿ ಮಣ್ಣಿನ ದಿಬ್ಬದ ಕಡೆ ಇರಲಿ, ಬೆರಳು ಟ್ರಿಗರ್ ಹತ್ತಿರ ಹೋಗಬಾರದು. ಮ್ಯಾಗಜೀನ್ ತೆಗೆಯಿರಿ. ಆಮೇಲೆ ಬೋಲ್ಟ್ ಹಿಂದಕ್ಕೆ ಎಳೆದು ಒಳಗೆ ತೋಟಾ ಇದೆಯಾ ನೋಡಿ. ಇದ್ದು, ತಾನಾಗಿ ಆಚೆ ಬರದಿದ್ದರೆ ಅಲ್ಲಿಗೇ ನಿಲ್ಲಿಸಿ ನನಗೆ ಬರೆಯಿರಿ. ಖಾಲಿ ಇದ್ದರೆ ಬೋಲ್ಟ್ ಪೂರ್ತಿ ಆಚೆ ತೆಗೆದು ಹಿಂದಿನಿಂದ ಬೆಳಕಿಗೆ ಹಿಡಿಯಿರಿ. ಬೆಳಕು ಕಾಣದಿದ್ದರೆ ಗುಂಡು ಅಲ್ಲೇ ಇದೆ. ಕಬ್ಬಿಣದ ಸರಳು ತೂರಿಸಿ ಕುಟ್ಟಬೇಡಿ. ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋಗಿ.

ಚೇತನ್, ಹುಣಸೂರು: ಸರ್, ಸೀಮೆಎಣ್ಣೆ ಬೇಡ ಸರಿ. ಬರೀ ಉಜ್ಜಿದರೆ?

ಆರ್ಮರರ್: ಬೇಡ. ಮೇಲೆ ಬರೆದಿದ್ದೇನೆ.

ಚೇತನ್, ಹುಣಸೂರು: ಗುರಿಹಲಗೆಗೆ ಮಾತ್ರ?

ಆರ್ಮರರ್: ಬೇಡ.

ಮಾದೇಶ, ಮಳವಳ್ಳಿ: ನಮ್ಮ ಸೋದರಮಾವ ಎಷ್ಟೋ ವರ್ಷ ಎಣ್ಣೆಯಲ್ಲೇ ಇಟ್ಟು ಹೊಡೆದರು. ಏನೂ ಆಗಲಿಲ್ಲ. ಓದಿದವರು ಎಲ್ಲದಕ್ಕೂ ಹೆದರಿಸ್ತಾರೆ.

ಹರೀಶ್, ಮದ್ದೂರು: ಮಾದೇಶ್, ನೀವು ಕಳಿಸಿದಂಥ ಸಂದೇಶ ನಂಬಿಯೇ ಇಷ್ಟಾಗಿದ್ದು. ಮೊದಲು ಅದನ್ನು ಡಿಲೀಟ್ ಮಾಡಿ.

ಮಾದೇಶ, ಮಳವಳ್ಳಿ: ನಾನು ಬರೆದಿದ್ದಲ್ಲ. ಬಂದಿದ್ದನ್ನ ಹಾಕಿದೆ ಅಷ್ಟೇ. ನಿಮಗೆ ಉತ್ತರ ಕೊಡಬೇಕಾಗಿಲ್ಲ.

ಆರ್ಮರರ್: ಬರೆದವರು ಯಾರಾದರೂ ಆಗಲಿ, ಇಲ್ಲಿಗೆ ತಂದವರು ನೀವು. ನಿಮ್ಮ ಮಾವನಿಗೆ ಏನೂ ಆಗಲಿಲ್ಲ ಅಂದರೆ ಸಂತೋಷ. ಒಡೆದ ಕೋವಿ ಹಿಡಿದು, ಕೈಗೆ ಬಟ್ಟೆ ಸುತ್ತಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಇನ್ನೊಂದು ಮಾತು, ಉಜ್ಜಿದ ಸೀಸದ ಪುಡಿ ಅಂಗೈಯಿಂದ ಊಟದ ತಟ್ಟೆಗೆ ಬರುತ್ತದೆ. ಮಕ್ಕಳ ಮೈಗೆ ಸೀಸ ಹೋಗಲೇಬಾರದು. ಮಿದುಳಿಗೇ ಪೆಟ್ಟು.

ಸಂತೋಷ್, ಶ್ರೀರಂಗಪಟ್ಟಣ: ಸರ್, ಏರ್‌ಗನ್‌ಗೆ ಲೈಸೆನ್ಸ್ ಬೇಕಾ? ನಾಲೆ ಏರಿ ಮೇಲೆ ಪ್ರಾಕ್ಟೀಸ್ ಮಾಡಬಹುದಾ?

ಆರ್ಮರರ್: 4.5 ಮಿಲಿಮೀಟರ್, 20 ಜೌಲ್ ಒಳಗಿದ್ದರೆ ಬೇಡ. ಅದರಲ್ಲೂ ಹಕ್ಕಿ ಹೊಡೆಯುವ ಹಾಗಿಲ್ಲ. ನಾಲೆ ಏರಿ ಬೇಡ, ಜನ ಓಡಾಡುತ್ತಾರೆ. ಟೂ ಟೂ ಇರುವವರಿಗೂ ಇದೇ ಮಾತು. ನೀರಿಗೆ, ಕಲ್ಲಿಗೆ ತಗಲಿದ ಸೀಸದ ಗುಂಡು ಎಗರಿ ಬೇರೆ ಕಡೆ ಹೋಗುತ್ತದೆ. ಒಂದೂವರೆ ಮೈಲಿ ಹೋಗಬಲ್ಲದು ಅಂತ ಬಾಕ್ಸ್ ಮೇಲೇ ಬರೆದಿರುತ್ತಾರೆ. ನಮ್ಮ ಕಡೆ ಅಷ್ಟರೊಳಗೆ ಎರಡು ಊರು ಬರುತ್ತವೆ.

ಲೋಕೇಶ್, ಟಿ. ನರಸೀಪುರ: ಸರ್, ರೇಟ್ ಕೇಳಿದ್ದೆ.

ಪುಟ್ಟೇಗೌಡ, ನಾಗಮಂಗಲ: ಅಡ್ಮಿನ್, ಈ ಹರೀಶ್ ಅವರು ನನ್ನನ್ನೇ ಕಳ್ಳಬೇಟೆಗಾರ ಅಂದ ಹಾಗಾಯಿತು. ಮಾತು ವಾಪಸ್ ತಗೊಳ್ಳಲಿ.

ಹರೀಶ್, ಮದ್ದೂರು: ನಾನು ಯಾರ ಹೆಸರೂ ಹೇಳಿಲ್ಲ.

ಅಡ್ಮಿನ್: ಇಬ್ಬರೂ ದಯವಿಟ್ಟು ನಿಲ್ಲಿಸಿ. ಮಾದೇಶ್ ಅವರ ಸಂದೇಶ ತೆಗೆದಿದ್ದೇನೆ.

ಶಿವು, ಕಿಕ್ಕೇರಿ: ಸರ್, ಲೈಸೆನ್ಸ್ ನಮ್ಮ ಮಾವನ ಹೆಸರಲ್ಲಿದೆ. ನೀವು ಹೇಳಿದ ಹಾಗೆ ಅವರೇ ಬೋಲ್ಟ್ ತೆಗೆದರು. ಒಳಗೆ ತೋಟಾ ಇರಲಿಲ್ಲ. ನಳಿಗೆಯಲ್ಲಿ ಬೆಳಕು ಕಾಣುತ್ತಿಲ್ಲ.

ಆರ್ಮರರ್: ನಾನು ಹೆದರಿದ್ದೂ ಅದಕ್ಕೇ. ಬೋಲ್ಟ್ ಬೇರೆ, ರೈಫಲ್ ಬೇರೆ ಇಟ್ಟು ಬೀಗ ಹಾಕಿ. ನಾಳೆ ಮಾವನವರೇ ಲೈಸೆನ್ಸ್ ಪುಸ್ತಕ ಹಿಡಿದು ರಿಪೇರಿಗೆ ಹೋಗಲಿ. ಭಾಮೈದನ ಕೈಗೆ ಕೊಟ್ಟು ಕಳಿಸಬೇಡಿ. ಮಾವನವರು ಜೊತೆಗಿಲ್ಲದೆ ಅಥವಾ ಅವರ ಲಿಖಿತ ಅನುಮತಿ ಇಲ್ಲದೆ ಭಾಮೈದ ಆ ಕೋವಿ ಹಿಡಿದು ಹೋಗುವಂತಿಲ್ಲ. ಉಜ್ಜಿದ ತೋಟಾ ಇನ್ನೂ ಎಷ್ಟಿವೆ?

ಶಿವು, ಕಿಕ್ಕೇರಿ: ಒಂದು ಡಬ್ಬಿ ಇದೆ ಸರ್. ಹೇಮಾವತಿ ನಾಲೆಗೆ ಎಸೆದು ಬಿಡೋಣ ಅಂತಿದ್ದಾನೆ.

ಆರ್ಮರರ್: ಎಸೆಯಬೇಡಿ. ನಾಲೆಯಲ್ಲಿ ಮಕ್ಕಳು ಈಜುತ್ತಾರೆ, ನೀರು ನಿಂತಾಗ ಡಬ್ಬಿ ಮೇಲೆ ಬರುತ್ತದೆ. ಸುಡುವುದೂ ಬೇಡ, ಹೂಳುವುದೂ ಬೇಡ. ಬೀಗದಲ್ಲಿ ಇಡಿ. ತಿದ್ದಿದ ತೋಟಾ ಆದ್ದರಿಂದ ಬೆಳಗ್ಗೆ ಒಬ್ಬ ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗಿ ಠಾಣೆಯಲ್ಲಿ ಬರೆದುಕೊಟ್ಟು ಒಪ್ಪಿಸಿ. 2019ರ ತಿದ್ದುಪಡಿ ಆದ ಮೇಲೆ ಈ ಅಪರಾಧಕ್ಕೆ ಕನಿಷ್ಠ ಶಿಕ್ಷೆಯೇ 7 ವರ್ಷ. ಮುಚ್ಚಿಟ್ಟರೆ ಮಾವನವರ ತಲೆಗೂ ಬರುತ್ತದೆ. ರಿಪೇರಿಯವರು ಗುಂಡು ತೆಗೆದ ಮೇಲೂ ನಳಿಗೆ ಉಬ್ಬಿದೆಯಾ ಅಂತ ಅಳತೆ ಹಾಕಿ ನೋಡಲಿ. ನೋಡುವ ತನಕ ಆ ರೈಫಲ್‌ನಿಂದ ಒಂದು ಈಡೂ ಬೇಡ. ಏನಾಯಿತು ಅಂತ ನನಗೆ ಬರೆಯಿರಿ.

ಚೇತನ್, ಹುಣಸೂರು: ಸರ್, ಕುಳಿ ಇರುವ ಕಾರ್ಖಾನೆ ತೋಟಾ ಇಲ್ಲಿ ಸಿಗುತ್ತಾ?

ಆರ್ಮರರ್: ಏನಕ್ಕೆ ಬೇಕು ಅಂತ ಮೊದಲು ಬರೆಯಿರಿ.

ರೂಪಾ, ಕುವೆಂಪುನಗರ: ಸರ್, ಮಗಳ ಟಾರ್ಗೆಟ್ ಕಾಗದದ ಫೋಟೋ ಹಾಕಿದ್ದೇನೆ. ಎಡಗಡೆಯದು ಹಳೇ ಲಾಟ್, ಬಲಗಡೆಯದು ಹೊಸದು.

ಆರ್ಮರರ್: ಬಲಗಡೆಯದು ಮೇಲೆ ಕೆಳಗೆ ಹರಡಿದೆ, ಅಡ್ಡಕ್ಕೆ ಅಷ್ಟಿಲ್ಲ. ಮಗಳ ಕೈಯ ತಪ್ಪು ಅಂತ ನನಗೆ ಅನ್ನಿಸಲ್ಲ. ಗುಂಡಿನ ವೇಗ ಒಂದೊಂದಕ್ಕೂ ಬೇರೆಯಾದರೆ ಹೀಗೆ ಬರುತ್ತದೆ. ಆ ಲಾಟನ್ನು ಸ್ಪರ್ಧೆಗೆ ತೆಗೆದುಕೊಂಡು ಹೋಗಬೇಡಿ, ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಭಾನುವಾರ ರೈಫಲ್ ತನ್ನಿ. ಸ್ಟ್ಯಾಂಡ್ ಮೇಲೆ ಕೂರಿಸಿ ಎರಡೂ ಹೊಡೆದು ನೋಡೋಣ.