ಅಪ್‌ಡೇಟ್: ಮಗುವಿನ ಓಡಾಟ ಕೊನೆಗೂ ಗೊತ್ತಾಯಿತು!

ಐದು ತಿಂಗಳು ತುಂಬುತ್ತಾ ಬಂತು, ಮಗು ಅಲ್ಲಾಡುವುದೇ ಗೊತ್ತಾಗುತ್ತಿಲ್ಲ, ಏನಾದರೂ ತೊಂದರೆ ಇರಬಹುದಾ ಎಂದು ಕೇಳಿದ್ದೆ. ಧೈರ್ಯ ಹೇಳಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗುವಿನ ಅಂಗಾಂಗ ಸರಿಯಾಗಿ ಬೆಳೆದಿದೆಯಾ ಎಂದು ನೋಡುವ ಅನಾಮಲಿ ಸ್ಕ್ಯಾನ್ ಆಯಿತು, ಮಗು ಚೆನ್ನಾಗಿದೆ.

ನನಗೆ ಪ್ಲಸೆಂಟಾ, ಅಂದರೆ ಮಾಸು, ಗರ್ಭಕೋಶದ ಮುಂಭಾಗದಲ್ಲಿದೆಯಂತೆ. ಮಗು ಒದ್ದರೂ ಮಧ್ಯೆ ಅದು ಅಡ್ಡ ಇರುವುದರಿಂದ ನಮಗೆ ತಡವಾಗಿ ಗೊತ್ತಾಗುತ್ತದೆ. ಚೊಚ್ಚಲ ಬಸುರಿಯಾದರೆ ಇನ್ನೂ ತಡ. 24 ವಾರ ಆದರೂ ಏನೂ ಗೊತ್ತಾಗದಿದ್ದರೆ ಬಂದು ತೋರಿಸಿ ಎಂದರು ಡಾಕ್ಟರ್. ಒಮ್ಮೆ ಓಡಾಟ ಶುರುವಾದ ಮೇಲೆ ಕಡಿಮೆ ಅನ್ನಿಸಿದರೆ ಮಾತ್ರ ಒಂದು ದಿನವೂ ಕಾಯಬಾರದು, ತಕ್ಷಣ ಹೋಗಬೇಕು. ಇದನ್ನು ದಯವಿಟ್ಟು ಎಲ್ಲರೂ ನೆನಪಿಡಿ.

ಮೊನ್ನೆ ರಾತ್ರಿ ಎಡಮಗ್ಗುಲಾಗಿ ಮಲಗಿದ್ದೆ. ಕಿಬ್ಬೊಟ್ಟೆಯ ಬಲಗಡೆ ಒಳಗಿನಿಂದ ಟಪ್ ಎಂದು ಸಣ್ಣ ತಟ್ಟು. ಗ್ಯಾಸ್ ಇರಬೇಕು ಅಂದುಕೊಂಡೆ. ಅದೇ ಜಾಗದಲ್ಲಿ ಮತ್ತೆ ಟಪ್! ಇವರನ್ನು ಎಬ್ಬಿಸಿ ಕೈ ಇಡಿಸಿದೆ. ಹೊರಗಿನಿಂದ ಅವರಿಗೆ ಏನೂ ತಿಳಿಯಲಿಲ್ಲ, ಆದರೂ ಕೈ ತೆಗೆಯಲೇ ಇಲ್ಲ. ನನಗೆ ಅಳು ಬಂದುಬಿಟ್ಟಿತು.

ಕಬ್ಬಿಣದ ಮಾತ್ರೆ ಹೇಗೆ ತಗೊಳ್ಳಬೇಕು ಎಂದು ಒಬ್ಬರು ಕೇಳಿದ್ದರಲ್ವಾ? ಅದನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು. ಕಾಫಿ, ಟೀ ಜೊತೆಗೂ ಬೇಡ. ನಾನು ನಿಂಬೆ ಪಾನಕದ ಜೊತೆ ತಗೊಳ್ತೀನಿ.

ಈಗಿನ ಚಿಂತೆ ಶುಗರ್ ಟೆಸ್ಟ್. ಅಮ್ಮನಿಗೆ ಶುಗರ್ ಇದೆ, ಹಾಗಾಗಿ ಭಯ ಸ್ವಲ್ಪ ಜಾಸ್ತಿ. 75 ಗ್ರಾಂ ಗ್ಲೂಕೋಸ್ ನೀರು ಕುಡಿದು 2 ಗಂಟೆ ಕಾಯಬೇಕಂತೆ. ವಾಂತಿ ಆಗದ ಹಾಗೆ ಕುಡಿಯುವುದು ಹೇಗೆ? ಮಾಡಿಸಿಕೊಂಡವರು ಹೇಳಿ.